ಮಗ್ಗದ ಕುಣಿ ಮ್ಯಾಲೆ ಸ್ಲೈಡಿನ ಅಂಗಡಿ

ಬರ್ರಿ, ಒಳಗ ಬರ್ರಿ. ಹೊಸ್ತಲದಾಗ ನಿಂತು ಕೇಳೂ ಮಾತಲ್ಲ ಇವು. ಆ ಚಾಪಿ ಎಳಕೊಂಡು, ಗ್ವಾಡಿಗೆ ಬೆನ್ನು ಕೊಟ್ಟು ಆರಾಮ ಕುಂದರ್ರಿ. ನಮ್ಮ ಮನ್ಯಾಗ ವಾರಕ್ಕೊಂದರೆ ನಗೂವಂಥಾದ್ದು ಆಗದ ಇರೂದಿಲ್ಲ, ಎಲ್ಲಾ ಆ ಸ್ಲೈಡಿನ ದೆಸಿಯಿಂದ.

ಇಳಕಲ್ಲಿನಾಗ ನಮ್ಮದು ನೇಕಾರ ಮನಿ. ಮುಂದಿನ ಪಡಸಾಲ್ಯಾಗ ಕುಣಿಮಗ್ಗ. ನೆಲಾ ತೋಡಿದ ಕುಣಿಯೊಳಗ ಕಾಲು ಇಳಿಬಿಟ್ಟು ಕುಂತು ನೇಯೂದು. ನಮ್ಮನಿಯವರಿಗೆ ಮೊಣಕಾಲು ನೋವು ಬಂದು ಕುಣಿಗೆ ಇಳಿಯೂದು ನಿಂತಿತು. ಆಗ ನನ್ನ ಸೊಸಿ, ಮಾವಾರ, ಕುಣಿ ಮ್ಯಾಲೆ ಹಲಗಿ ಹಾಸಿ ನನ್ನ ಕಂಪ್ಯೂಟರ್ ಇಟಗೊಳ್ಳಲೇನ್ರಿ ಅಂತ ಕೇಳಿದ್ಲು.

ಆಕಿದು ಸ್ಲೈಡ್ ಮಾಡೂ ಕೆಲಸ. ಎಂಜಿನಿಯರ್ರು, ಡಾಕ್ಟರ್ರು, ಮಾಸ್ತರ್ರು ತಮ್ಮ ತಮ್ಮ ವಿಷಯಾನ ಚಿತ್ರಾ ಇಲ್ಲ, ಬಣ್ಣಾ ಇಲ್ಲ, ಪತ್ರ ಬರದಂಗ ಸೀದಾ ಬರದು ಕಳಸತಾರ. ಈಕಿ ಅದನ್ನ ಸೋಸಿ, ತುಂಡು ಮಾಡಿ, ಚಿತ್ರಾ ಹಚ್ಚಿ, ಸಭಾದಾಗ ಗ್ವಾಡಿ ಮ್ಯಾಲೆ ಒಂದೊಂದಽ ಪುಟಾ ಬೀಳೂಹಂಗ ಮಾಡಿ ಕೊಡತಾಳ.

ನಮ್ಮನಿಯವರು ಒಂದಿಷ್ಟೊತ್ತು ಮೀಸಿ ತಿಕ್ಕಿ, ಆಮ್ಯಾಲೆ ಹೇಳಿದ್ರು: "ಇದೆಂಥಾ ಕೆಲಸವಾ? ಮಂದಿ ಬರದದ್ದನ್ನ ಮತ್ತೊಮ್ಮೆ ಬರಿಯೂದು. ದೀಪಾವಳಿ ತನಕಾ ಇಟಗೋ. ಅಷ್ಟರಾಗ ಇದೂ ಒಂದು ಕೆಲಸ ಅಂತ ನನಗ ಅನಸಿದ್ರ ಇರಲಿ. ಅನಸಲಿಲ್ಲಾ, ಹಲಗಿ ಕಿತ್ತು, ಆಳು ಹಚ್ಚಿ ಮತ್ತ ಮಗ್ಗಾ ಹೂಡತೇನಿ."

ಮನ್ಯಾಗ ಬ್ಯಾರೆ ಖೋಲಿ ಇಲ್ಲ. ಆ ಜಾಗಾ ಹೋತಂದ್ರ ಸೊಸಿ ಕೆಲಸಾನೂ ಹೋದಂಗಽ. ಅವತ್ತಿಂದ ನಮ್ಮನಿಯವರು ಆಕಿ ಎದುರಿಗೆ ಕುರ್ಚಿ ಹಾಕ್ಕೊಂಡು ಕುಂತವರು, ಊಟಕ್ಕ ಎದ್ರ ಎದ್ರು. ಪರೀಕ್ಷಾ ಬರಿಯೂ ಹುಡುಗರ ಮುಂದ ಮಾಸ್ತರ ಕುಂತಂಗ.

ನನಗೂ ಒಂದು ಕೆಲಸ ಹಚ್ಯಾಳ. ನನಗ ಅಕ್ಷರ ಬರೂದಿಲ್ಲ, ಅದಕ್ಕಽ ಸ್ಲೈಡ್ ಆದ ಕೂಡ್ಲೇ ನನ್ನನ್ನಽ ಕರೀತಾಳ. ಅತ್ತಿ, ನೋಡಿ ಹೇಳ್ರಿ, ಅಕ್ಷರ ಭಾಳ ದಟ್ಟ ಆತೇನು ಅಂತ. ಓದಾಕ ಬರೂ ಮಂದಿ ಓದಿಬಿಡತಾರಂತ, ನೋಡೂದಽ ಇಲ್ಲಂತ.

ಪೈಪಿನ ಸಾಹೇಬ್ರ ನಲವತ್ತು ಹಾಳಿ

ಮೊದಲ ಬಂದವರು ಹುನಗುಂದದ ಎಂಜಿನಿಯರ್ ಸಾಹೇಬ್ರು. ಹೊಲಕ್ಕ ಹನಿ ನೀರು ಬಿಡೂ ಪೈಪಿನ ಮ್ಯಾಲೆ ನಲವತ್ತು ಹಾಳಿ ಬರಕೊಂಡು ಬಂದಿದ್ರು. ಸೊಸಿ ಎಂಟು ದಿನಾ ಕುಂತು ಅದನ್ನ ಹದಿನೈದು ಸ್ಲೈಡಿಗೆ ಇಳಿಸಿದ್ಲು. ಸಾಹೇಬ್ರು ನೋಡಿದ್ರು. ಕನ್ನಡಕ ತಗದು ಒರಸಿ ಮತ್ತ ನೋಡಿದ್ರು. ಆಮ್ಯಾಲೆ, ನನ್ನ ಮಾತೆಲ್ಲಾ ಎಲ್ಲಿ ಹೋದುವವಾ ಅಂತ ಕೇಳಿದ್ರು, ಜಾತ್ರ್ಯಾಗ ಕೂಸು ಕಳಕೊಂಡವರಂಗ.

ಒಂದು ಮಾತೂ ಬಿಡಬ್ಯಾಡ ಅಂತ ಹಟಾ ಹಿಡದ್ರು. ಸೊಸಿ ಎಲ್ಲಾ ತುಂಬಿದ್ಲು. ನಾ ನೋಡಿದೆ. ಬಿಳಿ ಅರಬಿ ಮ್ಯಾಲೆ ಸಾಸಿವಿ ಚೆಲ್ಲಿದಂಗ ಇತ್ತು. ಹಂಗಽ ಅಂದೆ. ಸಾಹೇಬ್ರು, ಆಯಿಗೆ ಏನ್ ತಿಳಿತೈತಿ ಅಂತ ನಕ್ಕು ತಗೊಂಡು ಹೋದ್ರು.

ಬೇವೂರಾಗ ರೈತರ ಸಭಾ. ಸಭಾದ ಖೋಲಿ ಗ್ವಾಡಿಗೆ ಹಸರು ಬಣ್ಣಾ, ಅದೂ ಹಕ್ಕಳಿ ಎದ್ದದ್ದು. ಯಾರಿಗೂ ಒಂದಕ್ಷರ ಕಾಣವೊಲ್ದು. ಒಬ್ಬ ಮುದುಕಪ್ಪ ತಡಿಲಾರದ ಎದ್ದು ಹೋಗಿ ಗ್ವಾಡಿಗೆ ಮೂಗು ಹಚ್ಚಿ ನಿಂತ. ಬೆಳಕೆಲ್ಲಾ ಅವನ ಬೆನ್ನ ಮ್ಯಾಲೆ ಬಿತ್ತು. ಸಾಹೇಬ್ರು, ಯಜಮಾನ್ರ, ಕೆಳಗ ಕುಂದರ್ರಿ, ಹಿಂದಿನವರಿಗೆ ಕಾಣೂದಿಲ್ಲ ಅಂದ್ರು.

ಹಿಂದಿನಿಂದ ಒಬ್ಬಾಂವ ಎದ್ದು ಅಂದನಂತ: "ಅವನ್ನ ಕುಂದರಸಬ್ಯಾಡ್ರಿ ಸಾಹೇಬ್ರ. ಅವನ ಅಂಗಿ ಬೆಳ್ಳಗೈತಿ. ಈಗ ಅದರ ಮ್ಯಾಲೆ ಏನರೆ ಕಾಣಾಕತ್ತೈತಿ."

ಸಾಹೇಬ್ರು ಮರುದಿನಾನ ಬಂದು ಹದಿನೈದರ ಸ್ಲೈಡಽ ಇಸಕೊಂಡು ಹೋದ್ರು. ನಮ್ಮನಿಯವರು ಮಾತ್ರ ಸೋಲಲಿಲ್ಲ. ಮೊದಲ ಬರದ್ಲು, ಆಮ್ಯಾಲೆ ತುಂಬಿದ್ಲು, ಈಗ ಮತ್ತ ಮೊದಲಿಂದಽ ಕೊಟ್ಲು, ಇದಕ್ಕ ಕೆಲಸ ಅಂತಾರೇನು ಅಂದ್ರು.

ದನದ ಡಾಕ್ಟರ್ರ ಗೀಟು

ಸೊಸಿ ಹಂತೇಕ ಒಂದು ಹಿಕಮತ್ತು ಐತಿ. ಬರದು ಕಳಸಾವರು ನಡುವ ಒಂದು ಗೀಟು ಎಳದ್ರ ಸಾಕು, ಅಲ್ಲಿಂದ ಹೊಸಾ ಸ್ಲೈಡು ಅಂತ ಕಂಪ್ಯೂಟರ್ ತಾನಽ ತಿಳಕೋತೈತಿ. ಗಿರಾಕಿಗೆಲ್ಲಾ ಫೋನಿನಾಗ ಹಂಗಽ ಹೇಳಿ ಇಟ್ಟಿರತಾಳ.

ಬಾದಾಮಿ ಕಡೆ ದನದ ಡಾಕ್ಟರ್ರೊಬ್ರು ಕುರಿಗೆ ಬರೂ ಬ್ಯಾನಿ ಬಗ್ಗೆ ಬರದು ಕಳಸಿದ್ರು. ಅವರದೊಂದು ಚಟಾ. ದವಾಖಾನಿ ವಹಿಯೊಳಗ ಒಂದೊಂದು ರೋಗಕ್ಕೂ ಕೆಳಗ ಗೀಟು ಎಳದು ಎಳದು ಕೈ ಕೂತಿತ್ತು. ಇಲ್ಲೂ ಮಾತಿಗೊಂದು ಗೀಟು. ಅವತ್ತ ಸೊಸಿ ತವರುಮನಿಗೆ ಹೋಗೂ ಗಡಿಬಿಡಿಯಾಗ ಇದ್ಲು. ಕಂಪ್ಯೂಟರ್ ಮಾಡಿಕೊಟ್ಟದ್ದನ್ನ ತಗದು ನೋಡದ ಹಂಗಽ ಕಳಿಸಿಬಿಟ್ಲು. ತಪ್ಪು ಆಕಿದಽ, ಇಲ್ಲ ಅನ್ನೂದಿಲ್ಲ.

ಡಾಕ್ಟರ್ರು ಕುರುಬರ ಓಣ್ಯಾಗ ಬೀರಪ್ಪನ ಗುಡಿ ಮುಂದ ಪರದೆ ಕಟ್ಟಿ ಸುರು ಮಾಡಿದ್ರು. ಮೊದಲ ಸ್ಲೈಡು: ಜ್ವರ. ಇಷ್ಟಽ. ಎರಡನೇದು: ಕೆಮ್ಮು. ಮೂರನೇದು: ಸುಂಬಳ. ಆಳೆತ್ತರ ಅಕ್ಷರ, ಪರದೆ ತುಂಬ ಒಂದಽ ಮಾತು. ಡಾಕ್ಟರ್ರು ಬೆವರು ಒರಸಿಕೋತ ಗುಂಡಿ ಒತ್ತೂದು, ಕುರಿ ಕಾಯೂ ಮಂದಿ ಎಲ್ಲಾರೂ ಕೂಡಿ ಒದರೂದು. ಭೇದಿ ಅಂತ ಬಂದಾಗ ಹುಡುಗರು ಎದ್ದು ನಿಂತು ಒದರಿದುವಂತ. ನೂರಾ ಹನ್ನೆರಡು ಸ್ಲೈಡ್ ಮುಗಿಯೂತನಕಾ ಒಬ್ಬರೂ ಎದ್ದು ಹೋಗಲಿಲ್ಲ.

ಡಾಕ್ಟರ್ರು ಬೈಯಾಕಂತಽ ಇಳಕಲ್ಲಿಗೆ ಬಂದ್ರು. ಸೊಸಿ ನೆಲಾ ನೋಡಿಕೋತ ನಿಂತಾಕಿ ತಪ್ಪಾತ್ರಿ ಅಂದ್ಲು. ಡಾಕ್ಟರ್ರು ಬೈದ್ರು, ಚಾ ಕುಡದ್ರು, ಮತ್ತೊಂದೀಟು ಬೈದ್ರು. ಹೊಂಟು ನಿಂತು, ಬಾಗಲದಾಗ ತಿರುಗಿ, ಮೆಲ್ಲಕ ಹೇಳಿದ್ರು: "ಮುಂದಿನ ತಿಂಗಳಾ ಇನ್ನೊಂದು ಊರಾಗ ಕರದಾರವಾ. ಅದಽ ತಪ್ಪು ಅಲ್ಲೀಗೂ ಒಂದು ಮಾಡಿಕೊಡು."

ಗೈಡಿನ ಗುಡಿ

ಇದು ಸಣ್ಣದು. ಐಹೊಳಿಯಿಂದ ಒಬ್ಬ ಗೈಡ್ ಬಂದ. ಗುಡಿ ಎಷ್ಟು ಉದ್ದ, ಕಂಬ ಎಷ್ಟು ದಪ್ಪ, ಕಲ್ಲು ಹೆಂಗ ಕೂಡಿಸ್ಯಾರ ಅನ್ನೂ ಅಳತಿ ಕಾಗದಾ ಕೊಟ್ಟು, ಬಂದವರಿಗೆ ತೋರಸಾಕ ಸ್ಲೈಡ್ ಮಾಡಿಕೊಡ್ರಿ ಅಂದ. ಫೋಟೋನೂ ತಾನಽ ತಂದಿದ್ದ, ನೂರು ಇದ್ದುವು. ಸೊಸಿ ನೋಡತಾಳ, ಎಲ್ಲಾದರಾಗೂ ಅಂವಽ. ಕಂಬಕ್ಕ ಒರಗಿ ಒಂದು, ಕಂಬಾ ಮುಚ್ಚಿ ಒಂದು. ಶಿಖರ ಇರೂ ಕಡೆ ಅವನ ತಲಿಗೂದಲಾ.

ಅಣ್ಣಾ, ನೀವು ಇಲ್ಲದ್ದು ಒಂದರೆ ಐತೇನ್ರಿ, ಗುಡಿ ಕಾಣಬೇಕಲ್ಲಾ ಅಂತ ಸೊಸಿ ಕೇಳಿದ್ಲು.

"ಗುಡಿ ಎಲ್ಲಿ ಹೋಗತೈತಿ ತಂಗಿ" ಅಂದ. "ಸಾವಿರ ವರ್ಷ ಆತು, ಅಲ್ಲೇ ಐತಿ. ನಾಳೆ ಇಲ್ಲದಾಂವ ನಾನು."

ಕುರ್ಚಿ ಮ್ಯಾಲಿಂದ ನಮ್ಮನಿಯವರು ಅವತ್ತ ಮೊದಲನೇ ಸಲಾ ನಕ್ರು. ಸೊಸಿ ಮುಖಾ ಅರಳಿತು. ಅಷ್ಟರಾಗ ಅವರು ದೀಪಾವಳಿ ಇನ್ನ ಇಪ್ಪತ್ತು ದಿನಾ ಐತಿ ಅಂದು ಎದ್ದು ಕೈ ತೊಳಿಯಾಕ ಹೋದ್ರು.

ಬಾಗಲಕೋಟಿ ಸಭಾ

ಆ ಇಪ್ಪತ್ತು ದಿನದೊಳಗಽ ಬಂತು ನೋಡ್ರಿ ಇದು. ಬಾಗಲಕೋಟಿಯೊಳಗ ನೇಗಿ ಕಲಿಸೂ ಒಬ್ಬ ಮಾಸ್ತರ್ರು, ಇಳಕಲ್ ಸೀರಿ ಹೆಂಗ ನೇಯತಾರ ಅಂತ ಹದಿನಾಲ್ಕು ಹಾಳಿ ಬರದು ಕಳಸಿದ್ರು. ಸೊಸಿಗೆ ಒಂದು ರೂಢಿ, ಎಲ್ಲಿ ತುಂಡು ಮಾಡಬೇಕು ಅಂತ ತಿಳಕೊಳ್ಳಾಕ ಮೊದಲ ಜೋರಾಗಿ ಓದತಾಳ. ಮೊದಲು ಸೀರೆಯ ಮೈ ನೇಯ್ದು ಬಳಿಕ ಸೆರಗನ್ನು ಹೊಲಿಯಬೇಕು ಅಂತ ಓದಿದ್ಲು.

ನಮ್ಮನಿಯವರು ಕುರ್ಚಿಯಿಂದ ಎದ್ದ ಬಿಟ್ರು. "ಯಾವ ಮಗಾ ಹೊಲಿದಾನ ಸೆರಗ? ಮೈ ಹಾಸಿನ ಎಳಿಗೆ ಸೆರಗಿನ ಹಾಸಿನ ಎಳಿ ಕೊಂಡಿ ಹಾಕಿ ಕೂಡಸೂದು. ಒಂದೊಂದಽ ಎಳಿ. ಆಮ್ಯಾಲೆ ನೇಯೂದು. ಅಳಸು ಅದನ್ನ."

ಅಲ್ಲಿಂದ ಮೂರು ದಿನಾ ಅವರ ಕುರ್ಚಿ ಎದುರಿಗೆ ಇದ್ದದ್ದು ಸೊಸಿ ಬಾಜೂಕ ಬಂತು. ಉದ್ದ ಎಳಿ ಹಾಸು, ಅಡ್ಡ ಎಳಿ ಹೊಕ್ಕು, ಕೊಂಡಿ, ದಡಿ ಎಲ್ಲಾ ಒಂದಽ ಸ್ಲೈಡಿಗೆ ತುರಕು ಅಂತ ಅವರು. ಮಾವಾರ, ಒಂದು ಸ್ಲೈಡಿಗೆ ಒಂದಽ ಮಾತ್ರೀ ಅಂತ ಆಕಿ. ಒಲ್ಲೆ ಅಂತ ಅವರು. ಊಟಕ್ಕ ಕರದ್ರ ಇಬ್ರೂ ಬರಲಿಲ್ಲ. ಕಡೀಕ ಸೊಸಿ ಉಪಾಯಾ ಮಾಡಿ, ಕೊಂಡಿ ಹಾಕೂ ಮಾವನ ಕೈದಽ ಫೋಟೋ ತಗದು, ಕೆಳಗ ನಾಕು ಮಾತು ಇಟ್ಲು. ಅವರು ತಮ್ಮ ಕೈ ನೋಡಿದ್ರು, ಪರದೆ ಮ್ಯಾಲಿನ ಕೈ ನೋಡಿದ್ರು, ಎದ್ದು ಊಟಕ್ಕ ಬಂದ್ರು.

ಹಾಳ್ಯಾಗ ತಪ್ಪೈತ್ರಿ ಅಂತ ಸೊಸಿ ಫೋನ್ ಮಾಡಿದ್ಲು. ಮಾಸ್ತರ್ರು ಭಾಳ ದೊಡ್ಡ ಮನಸಿನವರು. ಹಂಗಾದ್ರ ಹಿರ್ಯಾರಽ ಬಂದು ಮಾತಾಡಲಿ ಅಂದ್ರು.

ನಮ್ಮನಿಯವರು ಬಿಳಿ ಧೋತರ ಉಟ್ಟು, ತಲಿಗೆ ಕೆಂಪು ಪಟಗಾ ಸುತ್ತಿಕೊಂಡು ಬಸ್ ಹತ್ತಿದ್ರು. ಜೋಡಿ ನಾನೂ ಸೊಸಿನೂ. ಸಭಾದ ತುಂಬ ಕಲಿಯೂ ಹುಡುಗ್ಯಾರು, ಹುಡುಗರು. ನಮ್ಮನಿಯವರನ್ನ ಮುಂದ ನಿಂದರಿಸಿದ್ರು. ನಿಂತ್ರು. ನಿಂತಽ ಇದ್ರು. ಐವತ್ತು ವರ್ಷ ನೇದವರಿಗೆ ಬಾಯಾಗಿಂದ ಒಂದು ಮಾತು ಬರವೊಲ್ದು. ಸೊಸಿ ಮೆಲ್ಲಕ ಗುಂಡಿ ಒತ್ತಿದ್ಲು. ಪರದೆ ಮ್ಯಾಲೆ ಅವರ ಕೈ ಬಂತು, ಕೆಳಗ ನಾಕು ಮಾತು. ಅವರು ತಿರುಗಿ ನೋಡಿ ಮೊದಲನೇ ಮಾತು ಓದಿದ್ರು. ಎರಡನೇದು ಓದೂದು ಬೇಕಾಗಲಿಲ್ಲ, ಬಾಯಿ ಬಿಚ್ಚಿತು. ಒಂದು ಮುಗಿದ ಕೂಡ್ಲೇ ಸೊಸಿ ಇನ್ನೊಂದು ತರೂದು, ಅವರು ಹಿಡಕೊಂಡು ಮುಂದ ಹೋಗೂದು. ಮಗ್ಗದ ಮ್ಯಾಲೆ ಲಾಳಿ ಅತ್ತಾಗಿತ್ತಾಗ ಓಡಿದಂಗ.

ಅಲ್ಲಿಗೇ ಮುಗಿದಿದ್ರ ಸುಖಾ ಇತ್ತು. ಧೈರ್ಯ ಬಂದ ಮ್ಯಾಲೆ ಅವರ ಕಣ್ಣು ಪರದೆ ಅರಬಿ ಮ್ಯಾಲೆ ಬಿತ್ತು. ಹತ್ರ ಹೋಗಿ ಅಂಚು ಹಿಡದು ಹೆಬ್ಬಟ್ಟಿಲೆ ತಿಕ್ಕಿದ್ರು. ಈ ಅರಬಿ ಯಾರು ನೇದಾರ, ಹೊಕ್ಕು ಸಡಲೈತಿ, ಬರ್ರಿ ಎಲ್ಲಾರೂ ಮುಟ್ಟಿ ನೋಡ್ರಿ ಅಂತ ಬಗ್ಗಿ ಪರದೆ ಕೆಳಗಿನ ಸರಳು ಜಗ್ಗಿದ್ರು. ಅದು ಸ್ಪ್ರಿಂಗ್ ಇದ್ದ ಪರದೆ. ಕೈ ಬಿಟ್ಟ ಕೂಡ್ಲೇ ಸರ್ರಂತ ಸುತಗೋತ ಮ್ಯಾಲೆ ಹೋತು. ಆ ಸರಳಿನ ಕೊಂಡಿಗೆ ಪಟಗದ ಚುಂಗು ಸಿಕ್ಕಿತ್ತು. ಪರದೆ ಜೋಡಿ ಕೆಂಪು ಪಟಗಾನೂ ಬಿಚಗೋತ ಬಿಚಗೋತ ಛಾವಣಿಗೆ ಹೋಗಿ ಜೋತಾಡಿತು.

ನಾ ಸೆರಗಿನಾಗ ಮುಖಾ ಮುಚಕೊಂಡೆ. ನಮ್ಮನಿಯವರು ಬೋಳ ತಲಿ ಒಮ್ಮೆ ಸವರಿಕೊಂಡ್ರು, ಮ್ಯಾಲೆ ನೋಡಿದ್ರು, ಹುಡುಗರ ಕಡೆ ತಿರುಗಿ ತಣ್ಣಗ ಹೇಳಿದ್ರು:

"ತಿಳೀತೇನು? ಕೊಂಡಿ ಸರಿ ಬಿದ್ದಿತ್ತಂದ್ರ, ಎಷ್ಟು ಜಗ್ಗಿದ್ರೂ ಬಿಡೂದಿಲ್ಲ."

ನಗಿ ಹೆಂಗ ಎದ್ದಿತಂದ್ರ, ಬಾಜೂ ಖೋಲ್ಯಾಗಿನ ಮಂದಿ ಓಡಿ ಬಂದ್ರು.

ತಿರುಗಿ ಬರೂ ಬಸ್ಸು ಹುನಗುಂದ ದಾಟಿತು. ಆಮ್ಯಾಲೆ ಅವರು ಸೊಸಿಗೆ ಕೇಳಿದ್ರು, ಆ ಹದಿನಾಲ್ಕು ಹಾಳಿ ಅಷ್ಟಽ ತಗೊಂಡು ಹೋಗಿದ್ರ ನಾ ಅಲ್ಲಿ ಏನ್ ಮಾಡತಿದ್ದೆವಾ ಅಂತ. ಓದತಿದ್ರಿ ಮಾವಾರ ಅಂದ್ಲು ಆಕಿ.

"ಓದತಿದ್ದೆ. ಮಂದಿ ಮಕ್ಕೋತಿದ್ರು" ಅಂದ್ರು ಅವರು. ಮರುದಿನಾ ಮುಂಜಾನೆ ಬಡಿಗ್ಯಾನ್ನ ಕರದು, ಕುಣಿ ಮ್ಯಾಲಿನ ಹಲಗಿಗೆ ಅಲ್ಲಾಡದಂಗ ಮೊಳಿ ಹೊಡಸಿದ್ರು. ದೀಪಾವಳಿ ಇನ್ನ ಎಂಟು ದಿನಾ ಇತ್ತು.

ಯಾರ್ಯಾರು ಏನಾದ್ರು

ಪೈಪಿನ ಸಾಹೇಬ್ರು ಈಗ ಎಲ್ಲಿ ಸಭಾ ಇದ್ರೂ ಒಂದು ಬಿಳಿ ಚಾದರಾ ಜೋಡಿ ಒಯ್ಯತಾರ. ದನದ ಡಾಕ್ಟರ್ರಿಗೆ ವರ್ಗ ಆತು, ಆದ್ರ ಆ ಊರಾಗ ಕುರಿಗೆ ಕೆಮ್ಮು ಬಂದ್ರ ಹುಡುಗರು ಇವತ್ತಿಗೂ ಕೂಡಿ ಒದರತಾವಂತ. ಐಹೊಳಿ ಗೈಡಿಗೆ ಮದಿವಿ ಆತು, ಈಗ ಫೋಟೋದಾಗ ಇಬ್ರು ನಿಂದರತಾರ, ಹಿಂದ ಗುಡಿ ಇದ್ರೂ ಇರಬಹುದು. ನೇಗಿ ಮಾಸ್ತರ್ರು ಹಾಳಿ ತಿದ್ದಿ ಬರದು, ಇಡೀ ವರ್ಷದ ಪಾಠದ ಸ್ಲೈಡು ನಮ್ಮ ಸೊಸಿಗೇ ಒಪ್ಪಸ್ಯಾರ. ಸೊಸಿ ಇನ್ನೊಬ್ಬಾಕಿ ಹುಡುಗಿನ್ನ ಕೆಲಸಕ್ಕ ಇಟಗೊಂಡಾಳ. ನನ್ನ ಕೆಲಸಾ ನನಗಽ ಐತಿ, ಯಾರೂ ಕಸಗೊಂಡಿಲ್ಲ.

ನಮ್ಮನಿಯವರನ್ನ ಈಗ ಊರೂರಿಗೆ ಕರೀತಾರ. ಮೊನ್ನೆ ಕೂಡಲಸಂಗಮದ ಹತ್ರ ಒಂದು ಸಾಲಿಗೆ ಹೊಂಟಿದ್ರು. ಪಟಗಾ ತರಲೇನ್ರಿ ಅಂದೆ. ಪರದೆ ಹೆಂಥಾದೈತಿ ಅಂತ ಸಾಲಿಗೆ ಫೋನ್ ಮಾಡಿ ಕೇಳಿ, ಆಮ್ಯಾಲೆ ಟೊಪಗಿ ಹಾಕ್ಕೊಂಡು ಹೋದ್ರು.