ಅಧ್ಯಕ್ಷರು ಮಂಚದಡಿಯಲ್ಲಿದ್ದಾರೆ

ಲಿಗೋರಿ: ಮೆಲ್ಲಗೆ ಮಾತಾಡು ಅಂದೆ, ಕನ್ನಡದಲ್ಲಿ ಮಾತಾಡು ಅಂದೆ. ಎರಡರಲ್ಲಿ ಒಂದನ್ನಾದರೂ ಕೇಳು ಮಾರಾಯ್ತಿ!

ಇಮೆಲ್ಡಾ: ಕನ್ನಡದಲ್ಲಿಯೇ ಮಾತಾಡುತ್ತಾ ಇದ್ದೇನಲ್ಲ! ಇನ್ನೆಂತ, ಹಳೆಗನ್ನಡದಲ್ಲಿ ಮಾತಾಡಬೇಕಾ?

ಲಿಗೋರಿ: ಈಗ 'ಇಂಜೆಕ್ಷನ್' ಅಂದೆಯಲ್ಲ? ಆ ಶಬ್ದ ಅದಕ್ಕೆ ಚೆನ್ನಾಗಿ ಗೊತ್ತುಂಟು. 'ಚುಚ್ಚುಮದ್ದು' ಅನ್ನಬೇಕು.

ಇಮೆಲ್ಡಾ: ಆಯಿತು, ಚುಚ್ಚುಮದ್ದು. ಅದರ ಹೆಸರನ್ನೂ ಹೇಳಬಾರದಾ?

ಲಿಗೋರಿ: ಹೆಸರಂತೂ ಹೇಳಲೇಬಾರದು. 'ಅಧ್ಯಕ್ಷರು' ಅನ್ನು.

ಇಮೆಲ್ಡಾ: ಯಾರು, ನಮ್ಮ ನಾಯಿಯಾ?

ಲಿಗೋರಿ: ಶ್! 'ನಾಯಿ' ಅಂತಲೂ ಹೇಳಬಾರದು. ಪೋಸ್ಟ್‌ಮ್ಯಾನ್ ಅದನ್ನು ಬೈಯುವುದು ಕನ್ನಡದಲ್ಲಿಯೇ.

ಶಂಕರಪುರದ ಆ ಮನೆಯಲ್ಲಿ ಕನ್ನಡಕ್ಕೆ ಇಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ಗಂಡ ಹೆಂಡತಿಯ ಜಗಳ ಕೊಂಕಣಿಯಲ್ಲಿ, ಮಲ್ಲಿಗೆ ಕೊಯ್ಯಲು ಬರುವ ಹೆಂಗಸರ ಜೊತೆ ಮಾತು ತುಳುವಿನಲ್ಲಿ, ಸೈಕಲ್ಲಿನಲ್ಲಿ ಮೀನು ತರುವ ಪುತ್ತುಬ್ಬನ ಜೊತೆ ಚೌಕಾಸಿ ಹರಕುಮುರುಕು ಬ್ಯಾರಿ ಭಾಷೆಯಲ್ಲಿ. ಅವರ ನಾಯಿ ಕರ್ನಲ್‌ಗೆ ಈ ಮೂರೂ ಅರ್ಥವಾಗುತ್ತಿದ್ದವು. ಉಳಿದದ್ದು ಕನ್ನಡ ಒಂದೇ. ಅದು ಆ ಮನೆಯೊಳಗೆ ಬರುತ್ತಿದ್ದದ್ದು ರೇಡಿಯೋದಿಂದ ಮಾತ್ರ, ಅದೂ ವಾರ್ತೆಯ ಹೊತ್ತಿಗೆ. ಆಗ ನಾಯಿ ನಿದ್ದೆ ಮಾಡುತ್ತಿತ್ತು. ಹಾಗಾಗಿ ಇವತ್ತಿನ ಗುಟ್ಟೆಲ್ಲ ಕನ್ನಡದಲ್ಲಿ ನಡೆಯತಕ್ಕದ್ದು ಎಂದು ಲಿಗೋರಿ ಬೆಳಿಗ್ಗೆಯೇ ಆಜ್ಞೆ ಹೊರಡಿಸಿದ್ದ.

ಐದು ತಿಂಗಳ ಹಿಂದೆ ಕರ್ನಲ್‌ನ ಹಿಂದಿನ ಎಡಗಾಲಿನ ಮೂಳೆಗೆ ಕ್ಯಾನ್ಸರ್ ಬಂದು, ಆ ಕಾಲನ್ನು ಬುಡದಿಂದಲೇ ತೆಗೆದಿದ್ದರು. ಆಮೇಲೆ ಶುರುವಾಯಿತು ಕಿಮೊಥೆರಪಿ. ಉಡುಪಿಯ ದನದ ಡಾಕ್ಟರು ಧರ್ಮಪಾಲರು ಮಣಿಪಾಲದ ಯಾರೋ ದೊಡ್ಡ ಡಾಕ್ಟರನ್ನು ಕೇಳಿ ತಿಳಿದು, ಇಮೆಲ್ಡಾಳ ತಮ್ಮ ಮೌರಿಸ್ ಬೊಂಬಾಯಿಯಿಂದ ಬಸ್ಸಿನಲ್ಲಿ ಕಳಿಸುತ್ತಿದ್ದ ಮದ್ದನ್ನು ಮೂರು ವಾರಕ್ಕೊಮ್ಮೆ ಕೊಡುತ್ತಿದ್ದರು. ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿ. ನಾಯಿಗೆ ಕ್ಯಾನ್ಸರಿನ ಮದ್ದು ಎಂದರೆ ಊರಿಗೆ ಊರೇ ನಗುತ್ತಿತ್ತು. ಎಲ್ಲರಿಗಿಂತ ಮೊದಲು ನಕ್ಕವಳು ಇಮೆಲ್ಡಾ. ಈಗ ಕೋಳಿಯ ಲಿವರ್ ಬೇಯಿಸಿ, ಕಿವುಚಿ, ಬೆರಳಿನಿಂದ ಅದರ ಬಾಯಿಗೆ ಇಡುವವಳೂ ಅವಳೇ. ಮೊದಲೆಲ್ಲ ಕಂಡಕಂಡವರ ಕೈಕಾಲು ನೆಕ್ಕಿ ಸ್ನಾನ ಮಾಡಿಸುತ್ತಿದ್ದ ನಾಯಿ ಮೊದಲ ಇಂಜೆಕ್ಷನ್ ಆದಂದಿನಿಂದ ಒಬ್ಬರನ್ನೂ ನೆಕ್ಕಿರಲಿಲ್ಲ. ಅವಳು ದಿನಾ ಒಮ್ಮೆ ಅಂಗೈಯನ್ನು ಅದರ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದಳು.

ಐದು ಇಂಜೆಕ್ಷನ್ ಆಗಿತ್ತು. ಇವತ್ತಿನದು ಆರನೆಯದು, ಕೊನೆಯದು. ಆದರೆ ಧರ್ಮಪಾಲ ಡಾಕ್ಟರಿಗೆ ಬಳ್ಳಾರಿಗೆ ವರ್ಗವಾಗಿ, ಮಧ್ಯಾಹ್ನ ಹನ್ನೆರಡಕ್ಕೆ ಅವರು ಚಾರ್ಜು ಬಿಟ್ಟು ಕೊಡುವವರಿದ್ದರು. ಈ ಮದ್ದನ್ನು ನಾಯಿಗೆ ಚುಚ್ಚುವ ಧೈರ್ಯ ಇನ್ನೊಬ್ಬರಿಗೆ ಇರಲಿಲ್ಲ. ಗಡಿಯಾರದಲ್ಲಿ ಒಂಬತ್ತೂವರೆ. ಕರ್ನಲ್ ಒಳಕೋಣೆಯ ದೊಡ್ಡ ಮಂಚದ ಅಡಿಯಲ್ಲಿ, ಅಕ್ಕಿಯ ಪೆಟ್ಟಿಗೆಯ ಹಿಂದೆ, ಗೋಡೆಗೆ ಅಂಟಿಕೊಂಡು ಕುಳಿತಿತ್ತು.

ಇಮೆಲ್ಡಾ: ಇಷ್ಟು ಕನ್ನಡ ಮಾತಾಡಿಯೂ ಅಧ್ಯಕ್ಷರಿಗೆ ಹೇಗೆ ಗೊತ್ತಾಯಿತು? ಬೆಳಿಗ್ಗೆ ಸರಿಯಾಗಿಯೇ ಇದ್ದರಲ್ಲ!

ಲಿಗೋರಿ: ನೀನು ಕೊಂಕಣಿಯಲ್ಲಿ ಏನೋ ಬಾಯಿ ಬಿಟ್ಟಿರಬೇಕು.

ಇಮೆಲ್ಡಾ: ನಾನಾ? ನಾನು ಏಳನೆಯ ಕ್ಲಾಸಿನವರೆಗೆ ಕನ್ನಡದಲ್ಲಿಯೇ ಕಲಿತವಳು. ನಿಮ್ಮ ಹಾಗೆ ರೇಡಿಯೋ ಕೇಳಿ ಕಲಿತದ್ದಲ್ಲ. ಮೊದಲು ಆ ಬೆಲ್ಟ್ ಎಳೆಯುವುದನ್ನು ನಿಲ್ಲಿಸಿ. ಹೊಟ್ಟೆ ಈ ಊರಿನದ್ದು, ಪ್ಯಾಂಟು ಬೊಂಬಾಯಿಯದ್ದು. ಎರಡೂ ಒಂದಾಗುವುದಿಲ್ಲ.

ಲಿಗೋರಿ: ಸರ್ಕಾರಿ ಡಾಕ್ಟರ ಎದುರು ಲುಂಗಿಯಲ್ಲಿ ನಿಲ್ಲಬೇಕಾ? ಮೂವತ್ತು ವರ್ಷ ಹಡಗು ಕಂಪೆನಿಯಲ್ಲಿ ಇದ್ದವನು ನಾನು!

ಇಮೆಲ್ಡಾ: ಹಡಗಿನಲ್ಲಿ ಅಲ್ಲ, ಆಫೀಸಿನಲ್ಲಿ.

ಲಿಗೋರಿ ನೆಲಕ್ಕೆ ಬಗ್ಗಿ ಮಂಚದಡಿಗೆ ಕೈ ಚಾಚಿದ. ಒಳಗಿಂದ 'ಗುರ್' ಎಂಬ ಸದ್ದು ಬಂತು. ಅವನು ಕೈ ಹಿಂದಕ್ಕೆ ತೆಗೆದ. ಮುಖ ಸಣ್ಣದಾಗಿತ್ತು.

ಲಿಗೋರಿ: ನನ್ನ ಮೇಲೆಯೇ ಗುರ್ ಅಂದಿತು ಇಮೆಲ್ಡಾ. ಒಂಬತ್ತು ವರ್ಷದಲ್ಲಿ ಒಂದು ದಿನವೂ ಅಂದದ್ದಿಲ್ಲ.

ಇಮೆಲ್ಡಾಳಿಗೆ ಪಾಪ ಅನ್ನಿಸಿತು. ಅದನ್ನು ಕನ್ನಡದಲ್ಲಿ ಹೇಗೆ ಹೇಳುವುದು ಎಂದು ಹೊಳೆಯುವ ಮೊದಲೇ ಹೊರಗೆ ಕಾರು ಬಂದು ನಿಂತಿತು. ಯಾವಾಗಲೂ ಬರುತ್ತಿದ್ದ ಡೆನಿಸ್‌ನ ಕಾರಿನ ಹಾರ್ನ್ ಕರ್ನಲ್‌ಗೆ ಗುರುತುಂಟು ಎಂದು ಇವತ್ತು ಕಾಪುವಿನಿಂದ ಮೊಯಿದಿನಬ್ಬನ ಅಂಬಾಸಿಡರ್‌ಗೆ ಹೇಳಿಕಳಿಸಿದ್ದರು. ಯಾರೋ ರೋಗಿಯನ್ನು ಉಡುಪಿಗೆ ಒಯ್ಯಲಿಕ್ಕುಂಟು ಎಂಬುದಷ್ಟೇ ಅವನಿಗೆ ಗೊತ್ತಿದ್ದದ್ದು. ಅವನು ಟೊಪ್ಪಿ ಸರಿಮಾಡಿಕೊಂಡು ಜಗಲಿಗೆ ಬಂದ. ಕ್ರೈಸ್ತ ಗಂಡಸರು ಅವನಿಗೆ 'ಪರ್ಬುಗಳು', ಹೆಂಗಸರು 'ಬಾಯಮ್ಮ'.

ಮೊಯಿದಿನಬ್ಬ: ಎಲ್ಲಿ ಪರ್ಬುಗಳೇ, ಪೇಷಂಟ್ ಎಲ್ಲಿ?

ಲಿಗೋರಿ: (ಪಿಸುದನಿಯಲ್ಲಿ) ಅಧ್ಯಕ್ಷರು ಮಂಚದ ಅಡಿಯಲ್ಲಿದ್ದಾರೆ.

ಮೊಯಿದಿನಬ್ಬ: ಅಡಿಯಲ್ಲಾ? ಪೇಷಂಟನ್ನು ಮಂಚದ ಮೇಲೆ ಅಲ್ವಾ ಮಲಗಿಸುವುದು?

ಇಮೆಲ್ಡಾ: ಮೇಲೆಯೂ ಮಲಗುತ್ತಾರೆ. ಇವತ್ತು ಹೆದರಿ ಅಡಿಗೆ ಹೋಗಿದ್ದಾರೆ.

ಮೊಯಿದಿನಬ್ಬ: ಪಾಪ. ಎಂತ ಸೀಕು?

ಲಿಗೋರಿ: ಅರ್ಬುದ ರೋಗ. ಒಂದು ಕಾಲನ್ನು ತೆಗೆಯಲಾಗಿದೆ. ಈಗ ಚುಚ್ಚುಮದ್ದು ನೀಡಲಾಗುತ್ತಿದೆ.

ಮೊಯಿದಿನಬ್ಬ: ನೀವು ಎಂತಕ್ಕೆ ವಾರ್ತೆ ಓದಿದ ಹಾಗೆ ಮಾತಾಡುವುದು? ಇರಲಿ. ನಡೆಯಲಿಕ್ಕೆ ಆಗದಿದ್ದರೆ ನಾನು ಎತ್ತಿಕೊಂಡು ಬರುತ್ತೇನೆ.

ಇಮೆಲ್ಡಾ: ನಡೆಯುವುದು ಎಂತ, ಓಡುತ್ತಾರೆ. ನಿನ್ನೆ ಕೋಳಿಯ ಹಿಂದೆ ಗೇಟಿನವರೆಗೆ ಓಡಿದ್ದಾರೆ.

ಮೊಯಿದಿನಬ್ಬ: ಅಧ್ಯಕ್ಷರಾ? ಕೋಳಿಯ ಹಿಂದೆಯಾ?

ಲಿಗೋರಿ: ಎತ್ತುವಾಗ ಬಾಯಿಯ ಹತ್ತಿರ ಕೈ ಇಡಬೇಡಿ. ಕಚ್ಚುವ ಸಂಭವವಿದೆ.

ಮೊಯಿದಿನಬ್ಬ: ಯಾ ಅಲ್ಲಾ! ಪ್ರಾಯ ಎಷ್ಟು ಅವರಿಗೆ?

ಇಮೆಲ್ಡಾ: ಒಂಬತ್ತು.

ಮೊಯಿದಿನಬ್ಬ: ಒಂಬತ್ತು ವರ್ಷದ ಅಧ್ಯಕ್ಷರು! ಒಂದೇ ಕಾಲಿನಲ್ಲಿ ಕೋಳಿ ಹಿಡಿಯುತ್ತಾರೆ!

ಲಿಗೋರಿ: ಒಂದರಲ್ಲಿ ಅಲ್ಲ. ಮೂರರಲ್ಲಿ.

ಮೊಯಿದಿನಬ್ಬ ತನ್ನ ಬೆರಳುಗಳನ್ನು ನೋಡಿಕೊಂಡ. ಮೂರಕ್ಕೆ ಒಂದು ಕೂಡಿಸಿದ. ಅಷ್ಟರಲ್ಲಿ ಒಳಕೋಣೆಯಿಂದ ಕರ್ನಲ್ ತಾನೇ ಒಮ್ಮೆ ಬೊಗಳಿ ಲೆಕ್ಕ ಸರಿ ಎಂದಿತು.

ಮೊಯಿದಿನಬ್ಬ: ನಾಯಿ! ಬಾಯಮ್ಮ, ನಾಯಿಯನ್ನು ನನ್ನ ಕಾರಿನಲ್ಲಾ? ಅದರ ಜೊಲ್ಲು ತಾಗಿದರೆ ನಮ್ಮ ಧರ್ಮದ ಪ್ರಕಾರ ಆ ಜಾಗವನ್ನು ನಾನು ಏಳು ಸಲ ತೊಳೆಯಬೇಕು, ಗೊತ್ತುಂಟಾ? ಅದರಲ್ಲಿ ಒಂದು ಸಲ ಮಣ್ಣು ಹಾಕಿ!

ಇಮೆಲ್ಡಾ: ನೀವು ಯಾಕೆ ತೊಳೆಯಬೇಕು? ನಾನು ತೊಳೆದು ಕೊಡುತ್ತೇನೆ. ಮಣ್ಣೂ ನಮ್ಮದೇ, ಮಲ್ಲಿಗೆ ಬುಡದ ಒಳ್ಳೆಯ ಕೆಂಪು ಮಣ್ಣು.

ಮೊಯಿದಿನಬ್ಬ: ನೆಕ್ಕಿದರೆ?

ಇಮೆಲ್ಡಾ: (ಧ್ವನಿ ಇಳಿದು) ನೆಕ್ಕುವುದಿಲ್ಲ. ನಾಲ್ಕು ತಿಂಗಳಾಯಿತು, ಯಾರನ್ನೂ ನೆಕ್ಕಲಿಲ್ಲ. ಅದು ಒಮ್ಮೆ ನೆಕ್ಕಿದರೆ ಏಳಲ್ಲ, ನಾನು ಎಪ್ಪತ್ತು ಸಲ ತೊಳೆಯುತ್ತೇನೆ.

ಕನ್ನಡದಲ್ಲಿ ಹೇಳಿದರೂ ಅವಳ ಕಣ್ಣು ತುಂಬಿತು. ಮೊಯಿದಿನಬ್ಬ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ.

ಮೊಯಿದಿನಬ್ಬ: ಹೋಗಲಿ. ಹುಷಾರಿಲ್ಲದವರನ್ನು ಬಿಟ್ಟು ಹೋದ ಕಾರು ಅಂತ ಹೆಸರು ಬರುವುದು ಬೇಡ. ಕರೆಯಿರಿ ನಿಮ್ಮ ಅಧ್ಯಕ್ಷರನ್ನು.

ಕರೆದರು. ಲಿವರ್ ತೋರಿಸಿದರು. ಒಣಮೀನು ಸುಟ್ಟು ಅದರ ಹೊಗೆಯನ್ನು ಮಂಚದಡಿಗೆ ಬೀಸಿದರು. ಕೆಮ್ಮಿದ್ದು ಲಿಗೋರಿ ಮಾತ್ರ. 'ಇಂದು ಯಾವುದೇ ಚುಚ್ಚುಮದ್ದು ಇರುವುದಿಲ್ಲ' ಎಂದು ಅವನು ಘೋಷಿಸಿದ. ಇಮೆಲ್ಡಾ ತಾನೊಬ್ಬಳೇ ಮಲ್ಲಿಗೆ ಕೊಡಲು ಪೇಟೆಗೆ ಹೋಗುವವಳ ಹಾಗೆ ಬುಟ್ಟಿ ಹಿಡಿದು ಕೋಣೆಯಲ್ಲಿ ಎರಡು ಸುತ್ತು ಬಂದಳು. ಮಂಚದಡಿಯಲ್ಲಿ ಎರಡು ಕಣ್ಣು ಹೊಳೆದವು, ಅಷ್ಟೇ. ಹತ್ತೂವರೆಯಾಯಿತು. ಬಾಗಿಲಲ್ಲಿ ನಿಂತ ಮೊಯಿದಿನಬ್ಬ ಈ ನಾಟಕವನ್ನು ನೋಡುತ್ತಾ ಲಿಗೋರಿಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದ.

ಮೊಯಿದಿನಬ್ಬ: ಪರ್ಬುಗಳೇ, ಒಂದು ಮಾತು. ಈ ಪ್ಯಾಂಟು ನೀವು ದಿನಾ ಹಾಕುವುದಾ?

ಲಿಗೋರಿ: ಇಲ್ಲಪ್ಪ. ಮನೆಯಲ್ಲಿ ಲುಂಗಿ.

ಮೊಯಿದಿನಬ್ಬ: ಇಗರ್ಜಿಗೆ?

ಲಿಗೋರಿ: ಭಾನುವಾರ ಇಗರ್ಜಿಯ ಪೂಜೆಗೆ ಬಿಳಿ ಪಂಚೆ.

ಮೊಯಿದಿನಬ್ಬ: ಮೀನಿಗೆ, ಅಕ್ಕಿಗೆ, ಮದುವೆಗೆ?

ಇಮೆಲ್ಡಾ: ಮದುವೆಗೂ ಪಂಚೆಯೇ. ಪ್ಯಾಂಟು ಡಾಕ್ಟರಲ್ಲಿಗೆ ಹೋಗುವಾಗ ಮಾತ್ರ...

ಮೂವರೂ ಪ್ಯಾಂಟನ್ನು ನೋಡಿದರು. ಕಂದು ಬಣ್ಣದ, ಗೆರೆ ಎದ್ದ ಇಸ್ತ್ರಿಯ, ಟ್ರಂಕಿನ ನುಸಿಗುಳಿಗೆಯ ವಾಸನೆಯ ಪ್ಯಾಂಟು. ಐದು ಸಲ ಹೊರಗೆ ಬಂದಿತ್ತು. ಐದು ಸಲವೂ ಸೂಜಿ.

ಇಮೆಲ್ಡಾ: ಅಯ್ಯೋ ನನ್ನ ದೇವರೇ! ನನಗೆ ಬಾಯಿ ಮುಚ್ಚು ಅಂದಿರಿ. ಶುದ್ಧ ಕನ್ನಡ ಮಾತಾಡಿಸಿದಿರಿ. ಗುಟ್ಟೆಲ್ಲ ನಿಮ್ಮ ಸೊಂಟಕ್ಕೇ ಸಿಕ್ಕಿಸಿಕೊಂಡು ತಿರುಗಾಡಿದಿರಲ್ಲ!

ಲಿಗೋರಿ: ಇದು... ಇದು ಕಾಕತಾಳೀಯ ಇರಬಹುದು.

ಇಮೆಲ್ಡಾ: ಬಿಚ್ಚಿ!

ಲಿಗೋರಿ: ಈ ಬ್ಯಾರಿಗಳ ಎದುರಾ?

ಮೊಯಿದಿನಬ್ಬ: ನಾನು ಗೋಡೆ ನೋಡುತ್ತೇನೆ. ಬಿಚ್ಚಿ ಮಾರಾಯ್ರೆ, ಹನ್ನೆರಡಾದರೆ ಡಾಕ್ಟರು ಬಳ್ಳಾರಿಗೆ ಹೋದರು!

ಬೆಲ್ಟ್ ಕಷ್ಟದಲ್ಲಿ ಬಿಟ್ಟಿತು. ಚೌಕುಳಿಯ ಹಳೆಯ ಲುಂಗಿ ಬಂತು. ಲಿಗೋರಿ ಅದನ್ನು ಮಡಚಿ ಕಟ್ಟುವಷ್ಟರಲ್ಲಿ ಅಕ್ಕಿಯ ಪೆಟ್ಟಿಗೆಯ ಹಿಂದಿನಿಂದ ಮೊದಲು ಮೂಗು, ಆಮೇಲೆ ಕಿವಿ, ಆಮೇಲೆ ಮೂರು ಕಾಲು ಹೊರಗೆ ಬಂದವು. ಲುಂಗಿ ಉಟ್ಟ ಲಿಗೋರಿ ಎಂದರೆ ಮೀನಿನ ದೋಣಿ ಬರುವ ದಕ್ಕೆ, ಚಾದಂಗಡಿ. ಅಂಥವನ ಜೊತೆ ಎಲ್ಲಿಗೆ ಹೋದರೂ ಲಾಭವೇ. ಕರ್ನಲ್ ಬಾಲ ಬೀಸುತ್ತಾ ಕುಪ್ಪಳಿಸಿ ಹೋಗಿ ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ, ಬೆಡ್‌ಶೀಟಿನ ಮೇಲೆ, ನಿಜವಾದ ಅಧ್ಯಕ್ಷರ ಹಾಗೆಯೇ ಕುಳಿತಿತು. ಮೊಯಿದಿನಬ್ಬ ಸೀಟಿನ ತುದಿಗೆ ಸರಿದು, ಕುತ್ತಿಗೆ ಮುಂದೆ ಚಾಚಿ, ಉಡುಪಿಯವರೆಗೆ ಹಾಗೆಯೇ ಕಾರು ಬಿಟ್ಟ.

ಹನ್ನೊಂದೂಕಾಲಕ್ಕೆ ಧರ್ಮಪಾಲ ಡಾಕ್ಟರು ಕಡತ ಕಟ್ಟುತ್ತಿದ್ದವರು ತಲೆ ಎತ್ತಿದರು.

ಧರ್ಮಪಾಲ: ಎಂತ ಲಿಗೋರಿಯವರೇ, ಇವತ್ತು ಲುಂಗಿ? ನನಗೆ ವರ್ಗ ಆಯಿತು ಅಂತ ಮರ್ಯಾದೆ ಕಡಿಮೆಯಾ?

ಲಿಗೋರಿ: ಅಧ್ಯಕ್ಷರ ಅಪ್ಪಣೆ ಡಾಕ್ಟ್ರೇ.

ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಅವರು ಇಂಜೆಕ್ಷನ್ ಕೊಟ್ಟು, ಹೋದ ಸಲ ತೆಗೆಸಿ ಮಣಿಪಾಲದ ಡಾಕ್ಟರಿಗೆ ತೋರಿಸಿ ತಂದಿದ್ದ ಎದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಇಮೆಲ್ಡಾ ಕರ್ನಲ್‌ನ ಕುತ್ತಿಗೆಯನ್ನು ಅಪ್ಪಿ ಹಿಡಿದಿದ್ದಳು.

ಧರ್ಮಪಾಲ: ಶ್ವಾಸಕೋಶಕ್ಕೆ ಎಂತದೂ ಹರಡಲಿಲ್ಲ. ಗ್ಯಾರಂಟಿ ಬರೆದು ಕೊಡಲಿಕ್ಕೆ ಆಗುವುದಿಲ್ಲ ಬಾಯಮ್ಮ. ಆದರೆ ಇನ್ನು ಇಂಜೆಕ್ಷನ್ ಬೇಡ.

ಲಿಗೋರಿ: ಚುಚ್ಚುಮದ್ದು ಅನ್ನಿ ಡಾಕ್ಟ್ರೇ.

ಅಷ್ಟು ಹೇಳಿ ಅವನು ಲುಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡ. ಪ್ಯಾಂಟಾಗಿದ್ದರೆ ಆ ಅನುಕೂಲವೂ ಇರುತ್ತಿರಲಿಲ್ಲ.

ಮನೆಗೆ ಬಂದು ನೋಡಿದರೆ ಬೆಡ್‌ಶೀಟು ಸರಿದು ಸೀಟಿನ ಮೂಲೆಯಲ್ಲಿ ಅಂಗೈಯಗಲ ಜೊಲ್ಲು ಬಿದ್ದಿತ್ತು. ಇಮೆಲ್ಡಾ ಸೀರೆಯ ನೆರಿಗೆ ಎತ್ತಿ ಕಟ್ಟಿದಳು. ಬಾವಿಯಿಂದ ನೀರು ಸೇದಿದಳು. ಮಲ್ಲಿಗೆ ಬುಡದಿಂದ ಮಣ್ಣು ಅಗೆದಳು.

ಇಮೆಲ್ಡಾ: ಒರೆಸಲಿಕ್ಕೆ ಒಳ್ಳೆಯ ದಪ್ಪ ಬಟ್ಟೆ ಒಂದು ಬೇಕಿತ್ತು.

ಲಿಗೋರಿ ಒಳಗೆ ಹೋದ. ಬರುವಾಗ ಕೈಯಲ್ಲಿ ಕಂದು ಪ್ಯಾಂಟಿತ್ತು. ಇಸ್ತ್ರಿಯ ಗೆರೆಯ ಮೇಲೆ ಕತ್ತರಿ ಇಟ್ಟು ನಡುವಿನಲ್ಲಿ ಎರಡು ತುಂಡು ಮಾಡಿದ.

ಇಮೆಲ್ಡಾ: ಹಡಗು ಕಂಪೆನಿಯ ಪ್ಯಾಂಟು!

ಲಿಗೋರಿ: ಆಫೀಸಿನದ್ದು. ಇನ್ನು ಈ ಮನೆಯಲ್ಲಿ ಇದರ ಕೆಲಸ ಇಲ್ಲ.

ಮಣ್ಣು ಹಾಕಿ ಒಂದು ಸಲ, ಬರೀ ನೀರಿನಿಂದ ಆರು ಸಲ. ಮೊಯಿದಿನಬ್ಬ ಪಕ್ಕದಲ್ಲಿ ನಿಂತು ಎಣಿಸಿದ. ಏಳಾಯಿತು. ಸೀಟು ಷೋರೂಮಿನಿಂದ ಬಂದ ಹಾಗೆ ಹೊಳೆಯಿತು. ಅವನು ತೃಪ್ತಿಯಿಂದ ಬಾಗಿಲು ಹಾಕಿ, ಅದರ ಹಿಡಿಯ ಮೇಲೆ ಕೈ ಇಟ್ಟುಕೊಂಡೇ ಚಾಗೆ ಕಾಯುತ್ತಾ ನಿಂತ.

ಜಗಲಿಯಲ್ಲಿ ಮಲಗಿದ್ದ ಕರ್ನಲ್ ಎದ್ದಿತು. ಎರಡು ತುಂಡಾಗಿ ಬಿದ್ದಿದ್ದ ಪ್ಯಾಂಟನ್ನು ಮೂಸಿ ನೋಡಿತು. ಇನ್ನೊಮ್ಮೆ ಮೂಸಿತು. ಆಮೇಲೆ ಮೂರು ಕಾಲಿನಲ್ಲಿ ಕುಪ್ಪಳಿಸುತ್ತಾ ಕಾರಿನ ಹತ್ತಿರ ಬಂದು, ಯಾರಿಗೂ ಸುಳಿವು ಕೊಡದೆ, ಬಾಗಿಲಿನ ಹಿಡಿಯನ್ನೂ ಅದರ ಮೇಲಿದ್ದ ಮೊಯಿದಿನಬ್ಬನ ಕೈಯನ್ನೂ ಸೇರಿಸಿ ಉದ್ದಕ್ಕೆ ಒಂದು ಸಲ ನೆಕ್ಕಿತು.

ಇಮೆಲ್ಡಾ: ನೆಕ್ಕಿತು! ನೆಕ್ಕಿತು ನೋಡಿ! ಇಕೊಳ್ಳಿ, ನೋಡಿದಿರಾ, ನೆಕ್ಕಿತು!

ಲಿಗೋರಿ: ಇನ್ನೊಮ್ಮೆ ಮಗಾ! ಇನ್ನೊಮ್ಮೆ ನೆಕ್ಕು!

ಮೊಯಿದಿನಬ್ಬ: ಇನ್ನೊಮ್ಮೆಯಾ!

ಗಂಡ ಹೆಂಡತಿ ಕನ್ನಡವನ್ನು ಅಲ್ಲಿಯೇ ಬಿಟ್ಟು, ಕೊಂಕಣಿಯಲ್ಲಿ ಕೂಗುತ್ತಾ, ಅಳುತ್ತಾ, ನಗುತ್ತಾ ನಾಯಿಯನ್ನು ತಬ್ಬಿಕೊಂಡು ಅಂಗಳದಲ್ಲಿ ಕುಳಿತುಬಿಟ್ಟರು. ಮೊಯಿದಿನಬ್ಬ ಒದ್ದೆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡ. ಬೈಯಬೇಕೆಂದು ಬಾಯಿ ತೆರೆದ. ಆ ಮೂವರನ್ನೂ ನೋಡಿ ಬಾಯಿ ಮುಚ್ಚಿದ. ಮತ್ತೆ ತಾನೇ ಹೋಗಿ ಮಲ್ಲಿಗೆ ಬುಡದಿಂದ ಒಂದು ಹಿಡಿ ಮಣ್ಣು ತಂದು, ಕೊಡಪಾನವನ್ನು ಹತ್ತಿರಕ್ಕೆ ಎಳೆದುಕೊಂಡ.

ಮೊಯಿದಿನಬ್ಬ: ನೀವು ಕುಳಿತುಕೊಳ್ಳಿ ಬಾಯಮ್ಮ. ಎಪ್ಪತ್ತು ಅಂದಿದ್ದಿರಿ, ಏಳು ಸಾಕು... ಒಂದು!