ಸೆಕೆಯ ಊರಲ್ಲಿ ಬಿಸಿ ಜಗಲಿ

ಮಂಗಳೂರಿನಲ್ಲಿ ಎಂತ ಹೊಸತು ಮಾಡಲು ಹೊರಟರೂ ಸಾಮಾನು ಬರುವ ಮೊದಲೇ ಅಭಿಪ್ರಾಯಗಳು ಬಂದು ಮುಟ್ಟುತ್ತವೆ. ಮಳೆಗಾಲಕ್ಕೆ ಮುಂಚೆ ದೇರೆಬೈಲಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನೊಂದು ಒಲೆ ಕಟ್ಟಿಸಿದೆ. ಮಣ್ಣು ಒಂದೇ ಟೆಂಪೋದಲ್ಲಿ ಬಂತು. ಅಭಿಪ್ರಾಯ ಇನ್ನೂ ಬರುತ್ತಾ ಉಂಟು.

ಕಾರಣ ನನ್ನ ಮಗಳು. ಒಂದೂವರೆ ವರ್ಷದವಳು. ಮಳೆ ಹಿಡಿಯಿತೆಂದರೆ ಅವಳ ಎದೆಯೊಳಗೆ ಸೀಟಿ ಶುರು. ಕೊಡಿಯಾಲ್‌ಬೈಲಿನ ಡಾಕ್ಟರು, "ಒದ್ದೆ ಬಟ್ಟೆ ಹಾಕಬೇಡಿ, ಹೊಗೆ ತಾಗಿಸಬೇಡಿ" ಅಂದರು. ನಮ್ಮಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಬಚ್ಚಲ ಒಲೆಯ ಹೊಗೆಯಲ್ಲಿ. ಹೊಗೆ ಬೇಡವೆಂದರೆ ಒದ್ದೆ, ಒದ್ದೆ ಬೇಡವೆಂದರೆ ಹೊಗೆ. ಮಳೆ ಜಡಿಯುವ ಆಟಿ ತಿಂಗಳಲ್ಲಿ ಮಗುವನ್ನು ಎತ್ತಿಕೊಂಡರೆ ಒಣಮೀನು ಎತ್ತಿಕೊಂಡ ಹಾಗೆ.

ಆಗ ಮೊಬೈಲಿನಲ್ಲಿ ಕಂಡದ್ದು ರಾಕೆಟ್ ಮಾಸ್ ಹೀಟರ್. ಸೌದೆಯನ್ನು ನೆಟ್ಟಗೆ ನಿಲ್ಲಿಸಿ ಉರಿಸುವುದು. ಬೆಂಕಿ ಅಡ್ಡಕ್ಕೆ ಓಡಿ ಒಂದು ಡ್ರಮ್ಮಿನೊಳಗೆ ಮೇಲೇರುತ್ತದೆ, ಹೊಗೆ ಅಲ್ಲಿಯೇ ಸುಟ್ಟುಹೋಗುತ್ತದೆ. ಉಳಿದ ಬಿಸಿ ಗಾಳಿ ಮಣ್ಣಿನ ಜಗಲಿಯೊಳಗಿನ ಪೈಪಿನಲ್ಲಿ ಸುತ್ತಿ ಹೊರಗೆ ಹೋಗುತ್ತದೆ. ಆ ಮಣ್ಣಿನ ರಾಶಿಯೇ ಹೆಸರಿನಲ್ಲಿರುವ ಮಾಸ್, ಅದರಿಂದ ಜಗಲಿ ಇಡೀ ದಿನ ಬೆಚ್ಚಗೆ. ಚಳಿದೇಶದವರು ಅದರ ಮೇಲೆ ಕೂರುತ್ತಾರೆ. ನಾನು ಮಗುವಿನ ಬಟ್ಟೆ ಹರಡುವುದೆಂದು ನಿಶ್ಚಯಿಸಿದೆ.

ಬುಸ್

ಮೊದಲು ಅತ್ತೆಗೆ ಹೇಳಬೇಕಿತ್ತು.

"ಎಂತದು? ರಾಕೆಟಾ? ನನ್ನ ಹಂಚು ಹಾರಿಸ್ತೀಯಾ?"

"ಹಾರುವುದಿಲ್ಲ ಅತ್ತೆ. ಉರಿಯುವಾಗ ಬುಸ್ ಅಂತ ಸದ್ದು ಬರ್ತದೆ, ಅದಕ್ಕೆ ಆ ಹೆಸರು."

"ಬುಸ್ ಅನ್ನಲಿಕ್ಕೆ ಮನೆಯಲ್ಲಿ ನೀನಿದ್ದೀಯಲ್ಲ, ಇನ್ನೊಂದು ಯಾಕೆ?"

ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. ಆ ಒಲೆಯ ಹೊಗೆಗೆ ಮಗು ಒಂದು ಸಲ ಕೆಮ್ಮಿದರೂ ಅವರೇ ಪಿಕ್ಕಾಸು ಹಿಡಿದು ಒಡೆಯುವುದು, ಆಮೇಲೆ ನಾನು ಬಾಯಿ ತೆರೆಯಬಾರದು.

ನನ್ನ ಗಂಡ ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿರುವುದು. ಗಿರಾಕಿ ಯಾವ ಬಣ್ಣ ಎತ್ತಿದರೂ ಒಪ್ಪುತ್ತದೆ ಎಂದು ಹೇಳಿ ಅಭ್ಯಾಸ. ಅಮ್ಮನ ಮಾತು ಕೇಳಿ "ಅದು ಒಳ್ಳೆಯದುಂಟು" ಅಂದರು. ನನ್ನ ಮಾತು ಕೇಳಿ "ಇದು ಇನ್ನೂ ಒಳ್ಳೆಯದುಂಟು" ಅಂದರು. ಎರಡನ್ನೂ ಮಡಚಿಟ್ಟು ಕೆಲಸಕ್ಕೆ ಹೋದರು.

ಡ್ರಮ್ಮು

ಡ್ರಮ್ಮಿಗೆ ಗುಜರಿ ಅಂಗಡಿಗೆ ಹೋದೆ. ಅಂಗಡಿಯ ಕಾಕ ಕೇಳಿದರು, "ನೀರಿಗಾ ತಂಗೀ?"

"ಅಲ್ಲ ಕಾಕ, ಕೋಣೆ ಬಿಸಿ ಮಾಡಲಿಕ್ಕೆ."

ಕಾಕ ಹೆಗಲಿನ ಟವೆಲಿನಲ್ಲಿ ಮುಖ ಒರೆಸಿದರು. ಕುತ್ತಿಗೆ ಒರೆಸಿದರು. ಟವೆಲ್ ಹಿಂಡಿದರು. ಅದರಿಂದ ನೀರು ಬಿತ್ತು.

"ತಂಗೀ, ನನ್ನ ತಮ್ಮ ದುಬೈಯಲ್ಲಿ ಬಿಸಿ ತಡೆಯಲಿಕ್ಕಾಗದೆ ಕೆಲಸ ಬಿಟ್ಟು ಬಂದಿದ್ದಾನೆ. ನಿಮಗೆ ಬಿಸಿಯೇ ಬೇಕಾದರೆ ಡ್ರಮ್ಮು ಯಾಕೆ? ಅವನ ಕೆಲಸ ಖಾಲಿ ಉಂಟು."

ಅಡ್ಡ ಹೊಗೆ

ಒಲೆ ಕಟ್ಟಲು ಬಂದ ಮೇಸ್ತ್ರಿ ಒಳ್ಳೆಯ ಕೆಲಸಗಾರ. ಆದರೆ ಪೈಪನ್ನು ಜಗಲಿಯೊಳಗೆ ಮಲಗಿಸಿ ಇಡಬೇಕು ಅಂದದ್ದೇ ಕರಣೆ ಕೆಳಗಿಟ್ಟರು.

"ಅಕ್ಕ, ನಾನು ಇಷ್ಟು ವರ್ಷ ಒಲೆ ಕಟ್ಟಿದ್ದೇನೆ. ಹೊಗೆಗೆ ಮೇಲೆ ಹೋಗುವುದು ಒಂದೇ ಗೊತ್ತಿರುವುದು. ಅಡ್ಡ ಹೋಗು ಅಂದರೆ ಅದು ಕೇಳ್ತದಾ?"

"ನಿಮ್ಮ ಬೀಡಿಯ ಹೊಗೆ ಮೂಗಿನಿಂದ ಬರುವಾಗ ಯಾವ ಕಡೆ ಹೋಗ್ತದೆ?"

ಮೇಸ್ತ್ರಿ ಹೊರಗೆ ಹೋಗಿ ಬೀಡಿ ಹಚ್ಚಿದರು. ಎಳೆದರು. ಮೂಗಿನಿಂದ ಬಿಟ್ಟು, ಎರಡೂ ಕಣ್ಣು ಮೂಗಿನ ತುದಿಗೆ ತಂದು ನೋಡಿದರು.

"ಕೆಳಗೆ ಹೋಗ್ತದೆ ಅಕ್ಕ."

"ಮತ್ತೆ?"

"ಹಿಂದಿನಿಂದ ಒತ್ತಡ ಬಂದರೆ ಹೋಗ್ತದೆ ಅಂತಾಯ್ತು. ಆದರೂ ಒಂದು ಸಲ ನೋಡಿ ನಂಬಲಿಕ್ಕಾಗುವುದಿಲ್ಲ."

ಅಂದು ಮಧ್ಯಾಹ್ನದವರೆಗೆ ಒಂದು ಕಟ್ಟು ಬೀಡಿಯಷ್ಟು ಪರೀಕ್ಷೆ ನಡೆಯಿತು. ಕಲ್ಲು ಮಾತ್ರ ಒಂದೂ ಏಳಲಿಲ್ಲ.

ಮಾಸ್

ಜಗಲಿಗೆ ಮಣ್ಣು, ಮರಳು, ಬೈಹುಲ್ಲು ಕಲಸಿ ಮೆಟ್ಟುತ್ತಾ ಇದ್ದೆ. ಮೊಣಕಾಲಿನವರೆಗೆ ಕೆಸರು. ಪಕ್ಕದ ಮನೆಯ ಬಾಯಮ್ಮ ಒಂದು ದೊಡ್ಡ ಪಾತ್ರೆ ಹಿಡಿದು ಹಿಂಬಾಗಿಲಲ್ಲಿ ನಿಂತರು. ಒಳಗೆ ಕೆಂಪಗೆ ಮಸಾಲೆ ಹಚ್ಚಿದ ಕೋಳಿ.

"ಎಲ್ಲಿ ಇಡುವುದು? ಎರಡು ಕಿಲೋ ಉಂಟು. ಸಂಜೆಗೆ ಆಗ್ತದಲ್ಲ?"

"ಎಂತ ಆಗುವುದು ಬಾಯಮ್ಮ?"

"ನಿನ್ನ ಅತ್ತೆಯೇ ಹೇಳಿದ್ದು. ಸೊಸೆ ಮಾಸ್ ಹೀಟರ್ ಕಟ್ಟಿಸ್ತಾಳೆ ಅಂತ."

ನನಗೆ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಬಾಯಮ್ಮನ ಕೊಂಕಣಿಯಲ್ಲಿ ಮಾಸ್ ಅಂದರೆ ಮಾಂಸ. ನಮ್ಮ ತುಳುವಿನಲ್ಲೂ ಮಾಸ ಅಂದರೆ ಅದೇ. ಅತ್ತೆ ಕಾಂಪೌಂಡಿನ ಆಚೆಗೆ ಎಸೆದ ಇಂಗ್ಲಿಷು ಈಚೆಗೆ ಕೋಳಿಯಾಗಿ ಬಂದಿತ್ತು.

"ಅದು ಆ ಮಾಸ್ ಅಲ್ಲ ಬಾಯಮ್ಮ. ಇಂಗ್ಲಿಷಿನದ್ದು."

ಬಾಯಮ್ಮ ಪಾತ್ರೆಯನ್ನು ಸೊಂಟಕ್ಕೆ ಬದಲಿಸಿಕೊಂಡು ಯೋಚಿಸಿದರು.

"ಇಂಗ್ಲಿಷಿನ ಮಾಸ್ ಅಂದರೆ ಇಗರ್ಜಿಯ ಪೂಜೆ ಅಲ್ವಾ? ಅದಕ್ಕೆ ಹೀಟರ್ ಎಂತಕ್ಕೆ ಮಾರಾಯ್ತಿ? ಫಾದರ್ ಪ್ರವಚನ ಉದ್ದ ಮಾಡಿದರೆ ನಾವೇ ಬೇಯ್ತೇವೆ."

ಪರೀಕ್ಷೆ

ಮಳೆ ಹಿಡಿದ ಮೂರನೇ ದಿನ ಬೆಳಿಗ್ಗೆ ಬೆಂಕಿ ಹಾಕಿದೆ. ತೆಂಗಿನ ಗೆರಟೆ, ಗರಿಯ ಬುಡದ ಒಣಗಿದ ಕೊತ್ತಳಿಗೆಯ ತುಂಡು ನಿಲ್ಲಿಸಿ ಕಡ್ಡಿ ಗೀರಿದೆ. ಮಗು ಬಾಗಿಲ ಹೊರಗೆ ಅತ್ತೆಯ ಸೊಂಟದಲ್ಲಿ. ಅತ್ತೆಯ ಇನ್ನೊಂದು ಕೈಯಲ್ಲಿ ಪಿಕ್ಕಾಸು.

ಹೊಗೆ ಪೈಪಿಗೆ ಹೋಗಲಿಲ್ಲ. ಸೀದಾ ನನ್ನ ಮುಖಕ್ಕೆ ಬಂತು. ನಾನು ಕೆಮ್ಮಿದೆ. ಮೇಸ್ತ್ರಿ ಕೆಮ್ಮಿದರು. ಅತ್ತೆ ಮಗುವಿನ ಮುಖವನ್ನೇ ನೋಡಿದರು. ಮಗು ಬಾಯಿ ತೆರೆಯಿತು. ಪಿಕ್ಕಾಸು ಮೇಲೆದ್ದಿತು. ಮಗು ಆಕಳಿಸಿತು.

ಪೈಪು ತಣ್ಣಗಿದ್ದರೆ ಹೊಗೆ ಎಳೆಯುವುದಿಲ್ಲ ಎಂದು ಆಗ ನೆನಪಾಯಿತು. ಹೊರಗಿನ ಚಿಮಣಿಯ ಬುಡದ ಮುಚ್ಚಳ ತೆಗೆದು ಪೇಪರ್ ಉರಿಸಿ ತೂರಿದೆ. ಒಮ್ಮೆಗೇ ಬುಸ್ ಎಂದು ಬೆಂಕಿ ಒಳಕ್ಕೆ ತಿರುಗಿತು. ಕೋಣೆ ತಿಳಿಯಾಯಿತು. ಮಳೆಯಲ್ಲಿ ನಿಂತು ಚಿಮಣಿಯ ತುದಿ ನೋಡಿದೆ. ಹಬೆಯಷ್ಟೇ.

ಅತ್ತೆ ಒಳಗೆ ಬಂದು, "ಹೊಗೆ ಇಲ್ಲ. ಆರಿತಾ?" ಅಂದರು. ಡ್ರಮ್ಮಿಗೆ ನಾಲ್ಕು ಹನಿ ನೀರು ಚಿಮುಕಿಸಿದರು. ಚುಂಯ್ ಅಂದಿತು. ಪಿಕ್ಕಾಸು ಗೋಡೆಗೆ ಒರಗಿತು.

ಮಧ್ಯಾಹ್ನಕ್ಕೆ ಜಗಲಿಯ ಮೇಲಿನ ಬಟ್ಟೆಗಳು ಬೇಸಿಗೆಯಲ್ಲಿ ಒಣಗಿದ ಹಾಗೆ ಗರಿಗರಿ. ಮೂಸಿ ನೋಡಿದೆ, ಬರೀ ಸಾಬೂನು. ಹದಿನೈದು ದಿನವಾಯಿತು, ಮಗಳ ಎದೆಯಲ್ಲಿ ಸೀಟಿ ಇಲ್ಲ. ಡಾಕ್ಟರು ಎದೆಗೆ ಕೊಳವೆ ಇಟ್ಟು, "ಹೀಗೆಯೇ ಇರಲಿ" ಅಂದರು. ಮಳೆ ಇನ್ನೂ ಬಾಕಿ ಉಂಟು, ಆದರೂ ನನಗೆ ಧೈರ್ಯ ಬಂದಿದೆ.

ಈಗಿನ ತೊಂದರೆ ಬೇರೆ. ಮೊನ್ನೆ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಹೋದರೆ ಜಗಲಿಯಲ್ಲಿ ಜಾಗವಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅತ್ತೆ ಮಲಗಿದ್ದಾರೆ.

"ಅತ್ತೆ, ಸ್ವಲ್ಪ ಸರಿಯಿರಿ. ಬಟ್ಟೆ ಹಾಕಲಿಕ್ಕುಂಟು."

"ಬಟ್ಟೆಗೆ ಸೊಂಟನೋವು ಉಂಟಾ?"

"ಇಲ್ಲ."

"ಹಾಗಾದರೆ ಕಾಯಲಿ."

ನೋಡಿದರೆ ಅವರ ಹಣೆಯಿಂದ, ಕುತ್ತಿಗೆಯಿಂದ ಬೆವರು ಇಳಿಯುತ್ತಿದೆ. ರವಿಕೆ ನನ್ನ ಬಕೆಟಿನ ಬಟ್ಟೆಗಿಂತ ಒದ್ದೆ. ನನಗೆ ಗಾಬರಿಯಾಗಿ, "ಬೆಂಕಿ ಆರಿಸಲಾ ಅತ್ತೆ?" ಅಂದೆ.

ಅತ್ತೆ ಕಣ್ಣು ಕೂಡ ತೆರೆಯಲಿಲ್ಲ.

"ಬೆಂಕಿ ಮುಟ್ಟಿದರೆ ಜಾಗ್ರತೆ. ಇನ್ನೆರಡು ಕೊತ್ತಳಿಗೆ ಹಾಕು. ಮತ್ತೆ ಆ ಫ್ಯಾನ್ ಐದಕ್ಕೆ ಇಡು ಮಾರಾಯ್ತಿ, ಎಂತ ಸೆಕೆ ಇದು!"