ಮಲ್ಲಿಕಾರ್ಜುನಯ್ಯ ಮೇಷ್ಟ್ರು ಲಿನಕ್ಸ್ ಹಾಕಿದ್ದು

ಬರಗೂರಿನಿಂದ ಮೂರು ಮೈಲಿ ಆಚೆಯ ಹೈಸ್ಕೂಲಿನ ಲ್ಯಾಪ್‌ಟಾಪು ಆನ್ ಆಗುವುದಕ್ಕೆ ಹದಿನೇಳು ನಿಮಿಷ ಹಿಡಿಯುತ್ತಿತ್ತು. ಗುಂಡಿ ಒತ್ತಿ, ಟೀ ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದು ಇನ್ನೂ ನಿದ್ದೆಗಣ್ಣಿನಲ್ಲೇ ಇರುತ್ತಿತ್ತು. ಗಣಿತದ ಮೇಷ್ಟ್ರು ಮಲ್ಲಿಕಾರ್ಜುನಯ್ಯ ಇದಕ್ಕೊಂದು ಮದ್ದು ಅರೆಯಲು ಹೊರಟದ್ದೇ ಎಲ್ಲ ರಾಮಾಯಣಕ್ಕೂ ಕಾರಣ.

ಮೇಷ್ಟ್ರಿಗೆ ಕಂಪ್ಯೂಟರು ಬರುತ್ತದೆ ಎಂದು ಸ್ಕೂಲಿನಲ್ಲಿ ಹೆಸರಿತ್ತು. ಹಿಂದೊಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದಂತೆ ಎಳೆದಿದ್ದರು, ಅಷ್ಟೇ. ಬಂದ ಹೆಸರನ್ನು ಉಳಿಸಿಕೊಳ್ಳಲು ಅಂದಿನಿಂದ ಮೊಬೈಲಿನಲ್ಲಿ ವಿಡಿಯೋ ನೋಡುತ್ತಿದ್ದರು. ಅಂಥ ಒಂದು ವಿಡಿಯೋ, ವಿಂಡೋಸಿನ ಬದಲು ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬುದೊಂದಿದೆ, ಹಾಕಿದರೆ ಹಳೆಯ ಯಂತ್ರವೂ ಬೇಗ ಏಳುತ್ತದೆ, ಪುಕ್ಕಟೆ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಹಳೆಯ ವಿಂಡೋಸನ್ನೂ ಪಕ್ಕದಲ್ಲೇ ಇಟ್ಟುಕೊಳ್ಳಬಹುದು ಎಂದು ಹೇಳಿತು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಸ್ಕೂಲಿಗೆ ಬಂದು, ಪೆನ್‌ಡ್ರೈವ್ ಚುಚ್ಚಿ, ಅದು ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾ ಹೋದರು. ಯಾವ ಭಾಷೆ ಎಂದಿತು. ಅಭಿಮಾನದಿಂದ ಕನ್ನಡ ಎಂದರು. ಪಾಸ್‌ವರ್ಡ್ ಕೇಳಿತು, ಕೊಟ್ಟರು. ಒಂಬತ್ತೂವರೆಗೆ ಲ್ಯಾಪ್‌ಟಾಪು ತಾನೇ ಆರಿ ತಾನೇ ಹೊತ್ತಿಕೊಂಡಿತು. ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷು. ಕನ್ನಡಕ ಹುಡುಕುವಷ್ಟರಲ್ಲಿ ಅದೂ ಮಾಯವಾಗಿ, ಯಾವುದೋ ಹೊಸ ಮುಖ ಬಂದು ಪಾಸ್‌ವರ್ಡ್ ಕೇಳಿತು. ಆಗ ಕೊಟ್ಟದ್ದನ್ನೇ ಕೊಟ್ಟರು. ತಪ್ಪು ಎಂದಿತು. ಕೀಲಿಮಣೆ ಕನ್ನಡಕ್ಕೆ ತಿರುಗಿದೆಯೋ ಇಂಗ್ಲಿಷಿನಲ್ಲೇ ಇದೆಯೋ, ಒತ್ತಿದ್ದೆಲ್ಲ ಬರೀ ಚುಕ್ಕೆಯಾಗಿ ಕಾಣುತ್ತಿದ್ದುದರಿಂದ ತಿಳಿಯುವಂತಿರಲಿಲ್ಲ. ಇಪ್ಪತ್ತು ಸಲ ಒತ್ತಿದರು. ಇಪ್ಪತ್ತು ಸಲವೂ ಅದು ಅವರನ್ನು ಗುರುತಿಸಲಿಲ್ಲ.

ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಜಗದಾಂಬ ಒಳಗೆ ಬಂದರು.

"ಮೇಷ್ಟ್ರೇ, ಹತ್ತನೇ ಕ್ಲಾಸಿನ ಹೆಸರು ತಿದ್ದುಪಡಿ ಪಟ್ಟಿ ಇವತ್ತು ಐದು ಗಂಟೆಯೊಳಗೆ ಮಧುಗಿರಿ ಶಿಕ್ಷಣ ಇಲಾಖೆ ಆಫೀಸಿಗೆ ಹೋಗ್ಬೇಕು. ಇದರಲ್ಲೇ ಇದೆ ತಾನೆ?"

ಇತ್ತು. ಮೂವತ್ತೊಂದು ಮಕ್ಕಳ ಹೆಸರು, ಹುಟ್ಟಿದ ದಿನ. ಇವತ್ತು ಹೋಗದಿದ್ದರೆ ಭವ್ಯ ಎಂಬ ಹುಡುಗಿ ಅಂಕಪಟ್ಟಿಯಲ್ಲಿ 'ಬಾವಿ' ಆಗಿಯೇ ಉಳಿಯುತ್ತಾಳೆ. ಚಿರಂಜೀವಿ ಎಂಬ ಹುಡುಗ ತನ್ನ ಅಪ್ಪನಿಗಿಂತ ನಾಲ್ಕು ವರ್ಷ ಮೊದಲೇ ಹುಟ್ಟಿದವನಾಗುತ್ತಾನೆ.

ನಿಜ ಹೇಳಲೆಂದೇ ಮೇಷ್ಟ್ರು ಬಾಯಿ ತೆರೆದರು. ಹೊರಗೆ ಬಂದದ್ದು ಬೇರೆ.

"ಮೇಡಂ... ಹ್ಯಾಕ್ ಆಗಿದೆ."

"ಹ್ಯಾಕಾ!" ಡ್ರಿಲ್ ಮೇಷ್ಟ್ರು ರಂಗೇಶ್ ಕುರ್ಚಿಯಿಂದ ಜಿಗಿದೆದ್ದರು. "ಯಾವ ದೇಶದೋರು ಸಾರ್?"

"ಹೊರಗಡೆಯೋರು."

"ಬ್ಯಾಟ್ರಿ ಕಿತ್ತು ಬಿಸಿಲಿಗಿಡಿ ಸಾರ್. ಎಂಥಾ ವೈರಸ್ಸಾದ್ರೂ ಸಾಯ್ತದೆ."

ಲ್ಯಾಪ್‌ಟಾಪನ್ನು ಹಪ್ಪಳದಂತೆ ಜಗಲಿಯ ಬಿಸಿಲಿಗೆ ಹರವಿದ್ದಾಯಿತು. ಅರ್ಧ ಗಂಟೆಯಾದರೂ ವೈರಸ್ ಸಾಯಲಿಲ್ಲ. ಜಗದಾಂಬ ಮೊದಲು ಮಧುಗಿರಿ ಆಫೀಸಿಗೂ ಆಮೇಲೆ ಪೊಲೀಸ್ ಠಾಣೆಗೂ ಫೋನ್ ಮಾಡಿದರು. ಬೇಡ ಎನ್ನಲು ಮೇಷ್ಟ್ರ ಬಳಿ ಹೇಳಿಕೊಳ್ಳುವಂಥ ಕಾರಣವಿರಲಿಲ್ಲ.

ಹನ್ನೊಂದಕ್ಕೆ ಪಾವಗಡ ಕಡೆಯ ಪೇದೆ ಕದಿರಯ್ಯ ಬಂದು ಪುಸ್ತಕ ಬಿಚ್ಚಿದ.

"ಹ್ಯಾಕರ್ ಎಟ್ಲಾ ಇದ್ದ ಸಾ? ಎತ್ತರ ಎಷ್ಟು?"

"ಅವರು ಬರೋದಿಲ್ಲ ಕಣ್ರೀ. ದೂರದಿಂದಲೇ..."

"ಸರೇ. ಪರಾರಿ ಅಂತ ಬರ್ಕಂತೀನಿ. ಈಚೆಗೆ ಹೊರಗ್ನೋರು ಯಾರಾನಾ ಇದರತ್ರ ಬಂದಿದ್ರಾ?"

ರಂಗೇಶ್ ಕಣ್ಣರಳಿಸಿದರು. "ನಿನ್ನೆ ಜೆರಾಕ್ಸ್ ಅಂಗಡಿ ಯುವರಾಜ ಇದೇ ಮೇಜಿನತ್ರ ಬಾಳಾ ಹೊತ್ತು ನಿಂತಿದ್ದ!"

ಕದಿರಯ್ಯನ ಬೈಕು ಹೋಯಿತು. ವಾಪಸು ಬಂದಾಗ ಹಿಂದೆ ಯುವರಾಜ ಕೂತಿದ್ದ. ಅಂಗಡಿಯ ಶೆಟರ್ ಎಳೆಯಲೂ ಬಿಟ್ಟಿರಲಿಲ್ಲ. ಕೈಯಲ್ಲಿ ಯಾರದೋ ಆಧಾರ್ ಕಾರ್ಡು ಹಾಗೆಯೇ ಇತ್ತು.

"ಅಮ್ಮನಾಣೆ ನಂಗೇನೂ ಗೊತ್ತಿಲ್ಲ ಕಣ್ಸಾ. ಬಿಳೀ ಹಾಳೆ ಕೊಟ್ಬುಟ್ಟು ಹೋಗಾನ ಅಂತ ಬಂದಿದ್ದೆ." ಆಮೇಲೆ ಅವನು ಮಲ್ಲಿಕಾರ್ಜುನಯ್ಯನವರ ಕಡೆ ತಿರುಗಿದ. "ನೀವಾರ ಯೋಳಿ ಸಾ. ನಿಮ್ಮತ್ರನೇ ಅಲ್ವಾ ನಾನು ಓದಿದ್ದು? ನಾನು ಅಂಗೆ ಮಾಡೋನಾ?"

ಮೇಷ್ಟ್ರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಿಟಕಿಯ ಸರಳುಗಳ ನಡುವೆ ಹತ್ತನೇ ಕ್ಲಾಸಿನ ಮುಖಗಳು ಒತ್ತಿಕೊಂಡು ನಿಂತಿದ್ದವು.

"ಅವನನ್ನ ಬಿಡ್ರಿ," ಎಂದರು. "ಮಾಡಿದ್ದು ನಾನು."

ಎಲ್ಲವನ್ನೂ ಹೇಳಿಬಿಟ್ಟರು. ವಿಡಿಯೋ, ಪೆನ್‌ಡ್ರೈವ್, ಇಪ್ಪತ್ತು ಸಲದ ಪಾಸ್‌ವರ್ಡ್, ತನಗೆ ಕಂಪ್ಯೂಟರೇ ಬರುವುದಿಲ್ಲ ಎಂಬುದನ್ನೂ. ಕದಿರಯ್ಯ ಅವರನ್ನು ತಲೆಯಿಂದ ಕಾಲಿನವರೆಗೆ ಅಳೆದು ನೋಡಿ, "ಅಂಗಾರೆ ಹ್ಯಾಕರ್ ಎತ್ತರ ಐದಡಿ ಮೂರಿಂಚು ಅಂತ ಬರ್ಕಳ್ಳಾ ಸಾ?" ಎಂದು ಕೇಳಿದ.

ಮೇಷ್ಟ್ರು ತಲೆ ತಗ್ಗಿಸಿದರು. ಜಗದಾಂಬ ಬೈದಿದ್ದರೆ ಚೆನ್ನಾಗಿತ್ತು. ಅವರು ಸುಮ್ಮನೆ ಗಡಿಯಾರ ನೋಡಿದರು.

ಬೆಳಿಗ್ಗೆ ಅರ್ಧ ದಿನದ ರಜೆ ಹಾಕಿದ್ದ ವಿಜ್ಞಾನದ ಟೀಚರ್ ಲೋಹಿತಾ ಒಂದು ಗಂಟೆಗೆ ಶಿರಾ ಬಸ್ಸಿನಿಂದ ಇಳಿದು ಬಂದಳು. ವಿಷಯ ಕೇಳಿ, ಲ್ಯಾಪ್‌ಟಾಪನ್ನು ಬಿಸಿಲಿನಿಂದ ಎತ್ತಿ ತಂದು, ಬ್ಯಾಟರಿ ಸೇರಿಸಿ ಆನ್ ಮಾಡಿದಳು. ಕಪ್ಪು ಪರದೆ ಬಂದ ಕೂಡಲೇ ಕೆಳಬಾಣದ ಗುಂಡಿಯನ್ನು ಮೂರು ಸಲ ಒತ್ತಿದಳು.

"ಎರಡರಲ್ಲಿ ಯಾವುದು ಬೇಕು ಅಂತ ಕೇಳುತ್ತೆ ಸಾರ್. ಹತ್ತು ಸೆಕೆಂಡು ಕಾಯುತ್ತೆ. ಕೊನೇ ಸಾಲಲ್ಲೇ ವಿಂಡೋಸ್ ಇತ್ತಲ್ಲ?"

ಹದಿನೇಳು ನಿಮಿಷದ ನಂತರ ಹಳೆಯ ಪರದೆ ತೆರೆಯಿತು. ಪಟ್ಟಿ ಇದ್ದಲ್ಲೇ ಇತ್ತು. ಎರಡು ಗಂಟೆಗೆ ಪಟ್ಟಿ ಮಧುಗಿರಿ ಮುಟ್ಟಿ ಭವ್ಯ ಭವ್ಯಳಾದಳು, ಚಿರಂಜೀವಿ ಅಪ್ಪನಿಗಿಂತ ಚಿಕ್ಕವನಾದ. ಯುವರಾಜನ ಮುಂದೆ ಮೇಷ್ಟ್ರು ಕೈಮುಗಿಯಹೋದರೆ ಅವನು ಹೆದರಿ ಓಡಿಯೇ ಹೋದ. ಲೋಹಿತಾ ಮಧುಗಿರಿಗೆ ಫೋನ್ ಮಾಡಿ, "ಹ್ಯಾಕರ್ ಯಾರೂ ಇಲ್ಲ ಸಾರ್. ನಮ್ಮ ಮೇಷ್ಟ್ರೇ ಲಿನಕ್ಸ್ ಹಾಕಿದ್ದು. ಅದೂ ವಿಂಡೋಸೂ ಎರಡೂ ಚೆನ್ನಾಗಿ ಕೆಲಸ ಮಾಡ್ತಿದೆ" ಎಂದು ಹೇಳಿ ಮುಗಿಸಿದಳು.

ಮಾನ ಹೋದರೂ ಮನಸ್ಸು ಹಗುರಾಗಿತ್ತು. ಇನ್ನು ಮೇಲೆ ಯಾರೂ ತನ್ನನ್ನು ಕಂಪ್ಯೂಟರಿನ ಹತ್ತಿರ ಕರೆಯುವುದಿಲ್ಲ ಎಂದುಕೊಂಡು ಮೇಷ್ಟ್ರು ಸಂಜೆ ನಾಲ್ಕಕ್ಕೆ ಚೀಲ ಹೆಗಲಿಗೇರಿಸಿದರು. ಆಗ ಜಗದಾಂಬ ಅವರ ಫೋನು ಬಡಿದುಕೊಂಡಿತು. ಮಧುಗಿರಿಯ ಸಾಹೇಬರು.

"ಎಲ್ರೀ ನಿಮ್ಮ ಮೇಷ್ಟ್ರು? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕು ತಾಲ್ಲೂಕಲ್ಲಿ ಈ ಲಿನಕ್ಸನ್ನ ಹಾಕೋ ಧೈರ್ಯ ಒಬ್ಬರೂ ಮಾಡಿರ್ಲಿಲ್ಲ! ಸೋಮವಾರ ಇಲ್ಲಿ ಇನ್ನೂರು ಜನ ಮೇಷ್ಟ್ರಿಗೆ ಅವರೇ ತರಬೇತಿ ಕೊಡ್ಬೇಕು. ಆದೇಶಕ್ಕೆ ಸಹಿ ಆಗೋಯ್ತು."

ಜಗದಾಂಬ ಕೊಟ್ಟ ಫೋನನ್ನು ಮೇಷ್ಟ್ರು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಸಾರ್, ನನಗೆ ಏನೂ ಬರಲ್ಲ. ಅದರ ಪಾಸ್‌ವರ್ಡೂ ಗೊತ್ತಿಲ್ಲ. ಸತ್ಯವಾಗ್ಲೂ."

"ಎಂಥಾ ವಿನಯ ರೀ!" ಎಂದು ಸಾಹೇಬರು ಫೋನಿಟ್ಟರು.

ಮೇಷ್ಟ್ರು ನೀರಿಲ್ಲದ ಮೀನಿನಂತೆ ಲೋಹಿತಾಳತ್ತ ತಿರುಗಿದರು. "ನೀನು ಬಾರಮ್ಮ ನನ್ನ ಜೊತೆ. ನನ್ನ ಪಕ್ಕ ನಿಂತ್ಕೊಂಡ್ರೂ ಸಾಕು."

ಲೋಹಿತಾ ತನ್ನ ಮೊಬೈಲಿಗೆ ಆಗಷ್ಟೇ ಬಂದಿದ್ದ ಆದೇಶವನ್ನು ಓದುತ್ತಿದ್ದಳು.

"ಬಂದೇ ಬರ್ತೀನಿ ಸಾರ್, ಪಟ್ಟಿಯಲ್ಲಿ ನನ್ನ ಹೆಸರೂ ಇದೆ," ಎಂದಳು. "ಆದ್ರೆ ಕಲಿಯೋರ ಕಡೆ. ಮೊದಲನೇ ಬೆಂಚಲ್ಲೇ ಕೂತ್ಕೊಂಡು ಕೇಳ್ತೀನಿ."